ನೀರಿಗೆ ಬಿದ್ದೊಡನೆ ಹೊಳಪು ನಂದುವ ಜಿಂಕ್ ಆಕ್ಸೈಡ್: ಪಾಲಿಮರ್ ಎಲ್ಲಿ ನೆರವಾಗುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ

ಪ್ರಶ್ನೆ: ನಾನು ಕಾರವಾರದ ಪದವಿ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ. ಅಂತಿಮ ವರ್ಷದ ವಿದ್ಯಾರ್ಥಿಗಳ ಕಿರುಯೋಜನೆಗಾಗಿ ಜಿಂಕ್ ಅಸಿಟೇಟನ್ನು ಎಥನಾಲಿನಲ್ಲಿ ಕರಗಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೇರಿಸಿ ಜಿಂಕ್ ಆಕ್ಸೈಡಿನ ನ್ಯಾನೋಕಣಗಳನ್ನು ತಯಾರಿಸಿದೆವು. ಯುವಿ ದೀಪದಡಿ ದ್ರಾವಣ ಹಳದಿ ಮಿಶ್ರಿತ ಹಸಿರಾಗಿ ಹೊಳೆಯಿತು, ಆದರೆ ನೀರು ಬೆರೆಸಿದಾಗ ಬೆಳ್ಳಗೆ ಕದಡಿ ಹೊಳಪು ನಂದಿಹೋಯಿತು. ಪಾಲಿಮರ್ ಸೇರಿಸಿದರೆ ನೀರಿನಲ್ಲೂ ಹೊಳಪು ಉಳಿಯುತ್ತದೆಯೇ? ಯಾವುದನ್ನು ಆರಿಸಬೇಕು? ಬಂದರಿನಲ್ಲಿ ಸಿಗಡಿ ಸಿಪ್ಪೆ ಬೇಕಾದಷ್ಟು ಸಿಗುವುದರಿಂದ ಅದರಿಂದ ತೆಗೆಯುವ ಕೈಟೋಸಾನ್ ಎಂಬ ಪಾಲಿಮರನ್ನು ಬಳಸಬಹುದೇ? ಶಿರಸಿಯ ಸಹೋದ್ಯೋಗಿಯೊಬ್ಬರು ಮುರುಗಲು (ಕೋಕಂ) ಹಣ್ಣಿನ ಸಿಪ್ಪೆಯ ರಸವೇ ಸಾಕು ಎನ್ನುತ್ತಾರೆ.

ಉತ್ತರ: ಪಾಲಿಮರ್, ಅಂದರೆ ಚಿಕ್ಕ ಘಟಕಗಳು ಸರಪಳಿಯಾಗಿ ಕೂಡಿದ ಉದ್ದನೆಯ ಅಣು, ಸೇರಿಸಿದರೆ ಹೊಳಪು ಉಳಿಯಬಹುದು. ಆದರೆ ಯಾವ ಪಾಲಿಮರನ್ನು, ಯಾವ ಹಂತದಲ್ಲಿ, ಎಷ್ಟು ಸೇರಿಸಿದಿರಿ ಎಂಬುದರ ಮೇಲೆ ಫಲಿತಾಂಶ ಪೂರ್ತಿ ಬದಲಾಗುತ್ತದೆ. ಸಾಮಾನ್ಯವಾಗಿ ಬಳಸುವ ಪಾಲಿಮರುಗಳು ಬೆಳಕು ಕೊಡುವುದಕ್ಕಾಗಿ ಅಲ್ಲಿರುವುದಿಲ್ಲ. ಕಣ ದೊಡ್ಡದಾಗದಂತೆ ತಡೆಯುವುದು, ಅದರ ಮೇಲ್ಮೈಯನ್ನು ನೀರಿನಿಂದ ಕಾಯುವುದು, ಇವೆರಡೇ ಅವುಗಳ ಕೆಲಸ. ಇದರ ಜೊತೆಗೆ ಕೆಲವು ಪಾಲಿಮರುಗಳು ತಾವೇ ಮಂದವಾಗಿ ಹೊಳೆದು, ಆಕ್ಸೈಡ್ ಹೊಳೆಯುತ್ತಿದೆಯೆಂಬ ಭ್ರಮೆ ಹುಟ್ಟಿಸುತ್ತವೆ. ವಿದ್ಯಾರ್ಥಿ ಯೋಜನೆಗಳಲ್ಲಿ ಹೆಚ್ಚು ತೊಂದರೆ ಕೊಡುವುದು ಈ ಕೊನೆಯ ಸಂಗತಿಯೇ ಆದ್ದರಿಂದ ಅದಕ್ಕೆ ಮುಂದೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ನೀವು ಕಂಡ ಹೊಳಪು ಎಲ್ಲಿಂದ ಬಂತೆಂದು ನೋಡೋಣ. ಜಿಂಕ್ ಆಕ್ಸೈಡ್ ಒಂದು ಅರೆವಾಹಕ. ಕೋಣೆಯ ಉಷ್ಣತೆಯಲ್ಲಿ ಅದರ ಶಕ್ತಿ ಅಂತರ, ಅಂದರೆ ಇಲೆಕ್ಟ್ರಾನ್ ಕೆಳಗಿನ ಶಕ್ತಿಪಟ್ಟಿಯಿಂದ ಮೇಲಿನದಕ್ಕೆ ಏರಲು ಬೇಕಾದ ಶಕ್ತಿ, ಸುಮಾರು 3.3 ಇಲೆಕ್ಟ್ರಾನ್ ವೋಲ್ಟ್. ಇದಕ್ಕಿಂತ ಹೆಚ್ಚು ಶಕ್ತಿಯ ಅತಿನೇರಳೆ ಬೆಳಕು ಬಿದ್ದಾಗ ಇಲೆಕ್ಟ್ರಾನ್ ಮೇಲಿನ ಪಟ್ಟಿಗೆ ಏರಿ ಕೆಳಗೆ ರಂಧ್ರವೊಂದು ಉಳಿಯುತ್ತದೆ. ಇವೆರಡೂ ನೇರವಾಗಿ ಕೂಡಿಕೊಂಡರೆ 370ರಿಂದ 380 ನ್ಯಾನೋಮೀಟರ್ ಆಸುಪಾಸಿನ ಬೆಳಕು ಬರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ನೀವು ಕಂಡ ಹಳದಿ-ಹಸಿರು ಬೆಳಕು ಸುಮಾರು 500ರಿಂದ 600 ನ್ಯಾನೋಮೀಟರ್‌ವರೆಗೆ ಹರಡಿರುವ ಅಗಲವಾದ ಪಟ್ಟಿ, ಮತ್ತು ಅದು ಸ್ಫಟಿಕದಲ್ಲಿರುವ, ಬಹುಪಾಲು ಮೇಲ್ಮೈಯ ಬಳಿಯಿರುವ ದೋಷಗಳ ಮೂಲಕ ಬರುವಂಥದ್ದು. ಆಮ್ಲಜನಕ ಇರಬೇಕಾದಲ್ಲಿ ಇಲ್ಲದಿರುವ ಖಾಲಿ ಜಾಗವೇ ಇದಕ್ಕೆ ಕಾರಣವೆಂದು ಹಲವರು ಹೇಳುತ್ತಾರಾದರೂ, ಯಾವ ದೋಷ ಯಾವ ಬಣ್ಣ ಕೊಡುತ್ತದೆ ಎಂಬುದರಲ್ಲಿ ಸಂಶೋಧಕರಿಗೆ ಈಗಲೂ ಒಮ್ಮತವಿಲ್ಲ. ಇದರಿಂದ ಒಂದು ವಿಚಿತ್ರ ಪರಿಣಾಮ ಉಂಟಾಗುತ್ತದೆ. ಪಾಲಿಮರ್ ಮೇಲ್ಮೈಯ ದೋಷಗಳನ್ನು ಚೆನ್ನಾಗಿ ಮುಚ್ಚಿದಷ್ಟೂ ಕಾಣದ ಅತಿನೇರಳೆ ಹೊರಸೂಸುವಿಕೆ ಹೆಚ್ಚಿ, ಕಾಣುವ ಹೊಳಪು ತಗ್ಗಬಹುದು. ಆದ್ದರಿಂದ ಕಣ್ಣಿಗೆ ಮಂದವಾಗಿ ಕಂಡ ಮಾದರಿಯನ್ನು ಕೆಟ್ಟದ್ದೆಂದು ಎಸೆಯುವ ಮೊದಲು ಅದರ ಪೂರ್ತಿ ರೋಹಿತವನ್ನು (ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಬರುತ್ತದೆಂಬ ನಕ್ಷೆಯನ್ನು) ತೆಗೆದು ನೋಡಬೇಕು.

ಗಾತ್ರದ ವಿಷಯವೂ ಇಲ್ಲಿಯೇ ಬರುತ್ತದೆ. ಕಣದ ವ್ಯಾಸ ಏಳೆಂಟು ನ್ಯಾನೋಮೀಟರ್‌ಗಿಂತ ಕೆಳಗಿಳಿದಂತೆ ಶಕ್ತಿ ಅಂತರ ಹೆಚ್ಚುತ್ತದೆ, ಹೀರಿಕೆಯ ಅಂಚು (ಕಣ ಬೆಳಕು ಹೀರುವುದು ನಿಲ್ಲುವ ತರಂಗಾಂತರ) ಚಿಕ್ಕ ತರಂಗಾಂತರದ ಕಡೆಗೆ ಸರಿಯುತ್ತದೆ, ಹೊಳಪಿನ ಬಣ್ಣವೂ ಹಳದಿಯಿಂದ ಹಸಿರಿನತ್ತ, ಹಸಿರಿನಿಂದ ನೀಲಿಯತ್ತ ಜಾರುತ್ತದೆ. ಇದರಿಂದಾಗಿ ದುಬಾರಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕವಿಲ್ಲದೆಯೇ, ಕಾಲೇಜಿನ ಯುವಿ-ವಿಸಿಬಲ್ ಉಪಕರಣದಿಂದಲೇ ಗಾತ್ರವನ್ನು ಅಂದಾಜು ಮಾಡಬಹುದು. ಹೀರಿಕೆಯ ರೇಖೆಯಲ್ಲಿ ಅಂಚಿಗೆ ಮುಂಚೆ ಕಾಣುವ ಉಬ್ಬಿನ (ಭುಜದ) ಎತ್ತರದ ಅರ್ಧಕ್ಕೆ ರೇಖೆ ಇಳಿಯುವ ತರಂಗಾಂತರ 353 ನ್ಯಾನೋಮೀಟರ್ ಹತ್ತಿರವಿದ್ದರೆ ಕಣ ಸುಮಾರು 4 ನ್ಯಾನೋಮೀಟರ್, 340ರ ಹತ್ತಿರವಿದ್ದರೆ ಸುಮಾರು 3 ನ್ಯಾನೋಮೀಟರ್ ಎಂದು ತಿಳಿಯಬಹುದು.

ಈಗ ನೀರಿನ ಸಂಗತಿ. ಎಥನಾಲಿನಲ್ಲಿ ಹುಟ್ಟಿದ ನಿಮ್ಮ ಕಣಗಳ ಮೇಲೆ ಅಸಿಟೇಟ್ ಗುಂಪುಗಳು ತೆಳುವಾಗಿ ಅಂಟಿಕೊಂಡಿರುತ್ತವೆ. ಆ ಬಂಧ ದುರ್ಬಲವಾದದ್ದು. ನೀರು ಬಂದೊಡನೆ ಅಸಿಟೇಟ್ ಕಳಚಿ ಹೋಗುತ್ತದೆ, ಮೇಲ್ಮೈ ಬತ್ತಲಾಗುತ್ತದೆ, ಕಣಗಳು ಒಂದಕ್ಕೊಂದು ಅಂಟುತ್ತವೆ. ಅದೇ ವೇಳೆಗೆ ಚಿಕ್ಕ ಕಣಗಳು ಕರಗಿ, ಕರಗಿದ ವಸ್ತು ದೊಡ್ಡ ಕಣಗಳ ಮೇಲೆ ಕೂರುತ್ತದೆ. ಭರಣಿಯಲ್ಲಿಟ್ಟ ಜೋನಿ ಬೆಲ್ಲದಲ್ಲಿ ಸಣ್ಣ ಹರಳುಗಳು ಮಾಯವಾಗುತ್ತ ತಳದ ಹರಳುಗಳು ದಪ್ಪವಾಗುವುದು ಇದೇ ನಿಯಮದಿಂದ. ಪಿಎಚ್ ಕೂಡ ನಿಮಗೆ ವಿರುದ್ಧವಾಗಿಯೇ ಇತ್ತು. ಜಿಂಕ್ ಆಕ್ಸೈಡಿನ ಮೇಲ್ಮೈ ವಿದ್ಯುದಂಶವು ಪಿಎಚ್ 9ರ ಸುತ್ತಮುತ್ತ ಶೂನ್ಯವಾಗುತ್ತದೆ, ಮತ್ತು ಕ್ಷಾರ ಉಳಿದಿರುವ ದ್ರಾವಣಕ್ಕೆ ನೀರು ಬೆರೆಸಿದಾಗ ಪಿಎಚ್ ಅದರ ಆಸುಪಾಸಿನಲ್ಲೇ ಬಂದು ನಿಲ್ಲುವುದರಿಂದ ಕಣಗಳನ್ನು ದೂರ ಇಡುವ ವಿದ್ಯುತ್ ವಿಕರ್ಷಣೆಯೂ ಇಲ್ಲವಾಗುತ್ತದೆ. ನೀವು ಕಂಡ ಬಿಳಿ ಕದಡು ಇವೆಲ್ಲದರ ಒಟ್ಟು ಪರಿಣಾಮ.

ನೀರಿಗೆ ಹೋಗುವ ಮೊದಲು ಮೂಲ ತಯಾರಿಕೆಯನ್ನೇ ಸ್ವಲ್ಪ ಬದಲಿಸಲು ಸೂಚಿಸುತ್ತೇನೆ. ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಬದಲು ಲಿಥಿಯಂ ಹೈಡ್ರಾಕ್ಸೈಡ್ ಬಳಸಿ. 1991ರಲ್ಲಿ ಸ್ಪಾನ್‌ಹೆಲ್ ಮತ್ತು ಆಂಡರ್ಸನ್ ಎಥನಾಲಿನಲ್ಲಿ ಇದೇ ಕ್ಷಾರದಿಂದ ಮಾಡಿದ ವಿಧಾನವನ್ನು ಪ್ರಕಟಿಸಿದ ಮೇಲೆ, ಅದರ ನಾನಾ ರೂಪಗಳನ್ನು ಲೋಕದ ಎಲ್ಲೆಡೆ ಬಳಸುತ್ತಿದ್ದಾರೆ. 2.2 ಗ್ರಾಂ ಜಿಂಕ್ ಅಸಿಟೇಟ್ ಡೈಹೈಡ್ರೇಟನ್ನು 100 ಮಿಲಿಲೀಟರ್ ಎಥನಾಲಿನಲ್ಲಿ ಕುದಿಸಿ ಕರಗಿಸಿ, ಮಂಜುಗಡ್ಡೆಯಲ್ಲಿಟ್ಟು ಸೊನ್ನೆ ಡಿಗ್ರಿಗೆ ಇಳಿಸಿ. ಆಗ ಬಿಳಿ ಪುಡಿ ಮರಳಿ ಕಾಣಿಸಿಕೊಂಡರೆ ಗಾಬರಿಯಾಗಬೇಡಿ, ಕ್ಷಾರ ಸೇರಿದಂತೆ ಅದು ಕರಗುತ್ತದೆ. ಲಿಥಿಯಂ ಹೈಡ್ರಾಕ್ಸೈಡ್ ಮಾನೋಹೈಡ್ರೇಟ್ 0.59 ಗ್ರಾಂ ತೆಗೆದುಕೊಂಡು ಇನ್ನೊಂದು 100 ಮಿಲಿಲೀಟರ್ ಎಥನಾಲಿನಲ್ಲಿ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿಟ್ಟು ಕರಗಿಸಿ, ಜೋರಾಗಿ ಕಲಕುತ್ತ ನಿಧಾನವಾಗಿ ಹನಿಸಿ. ಮೋಲ್‌ಗಳ ಲೆಕ್ಕದಲ್ಲಿ ಸತುವಿಗೆ, ಅಂದರೆ ಜಿಂಕಿಗೆ, 1.4 ಪಾಲು ಹೈಡ್ರಾಕ್ಸೈಡ್ ಎಂಬ ಈ ಅನುಪಾತವನ್ನು ಮೊದಲು ಹಾಗೆಯೇ ಇಟ್ಟುಕೊಳ್ಳಿ. ಬಳಿಕ ಎರಡು-ಮೂರು ಪಟ್ಟು ಹೆಕ್ಸೇನ್ ಬೆರೆಸಿದರೆ ಕಣಗಳು ತಳಕ್ಕೆ ಕೂರುತ್ತವೆ, ಬೇಡದ ಅಸಿಟೇಟ್ ಲವಣ ಬಹುಪಾಲು ಮೇಲೆಯೇ ಉಳಿಯುತ್ತದೆ, ಸೆಂಟ್ರಿಫ್ಯೂಜ್ ಮಾಡಿ ಕಣಗಳನ್ನು ಹೊಸ ಎಥನಾಲಿನಲ್ಲಿ ಮರಳಿ ಹರಡಬಹುದು. ಬೈತಕೋಲ್ ಬಂದರಿನ ಊರಿನಲ್ಲಿ ಮಂಜುಗಡ್ಡೆಗೆ ಬರವಿಲ್ಲ. ನಿಮ್ಮ ನಿಜವಾದ ಶತ್ರು ಗಾಳಿಯ ತೇವ. ಈ ಕ್ರಿಯೆಯಲ್ಲಿ ನೀರಿನ ಅಂಶ ಹೆಚ್ಚಿದಷ್ಟೂ ಕಣ ಬೇಗ ಬೆಳೆಯುತ್ತದೆ. ಮಳೆಗಾಲದಲ್ಲಿ ಪದೇ ಪದೇ ಮುಚ್ಚಳ ತೆರೆದ ಎಥನಾಲ್ ಬಾಟಲಿಯಿಂದ ಮಾಡಿದ ಮಾದರಿ ಹಳದಿಯಾಗಿಯೂ, ಬೇಸಿಗೆಯಲ್ಲಿ ಹೊಸ ಬಾಟಲಿಯಿಂದ ಮಾಡಿದ್ದು ಹಸಿರಾಗಿಯೂ ಹೊಳೆದರೆ ಅದು ವಿದ್ಯಾರ್ಥಿಯ ಕೈಗುಣವಲ್ಲ. ತೆರೆದಿಟ್ಟ ಒಣ ಪುಡಿಯೂ ತೇವ ಮತ್ತು ಇಂಗಾಲದ ಡೈಆಕ್ಸೈಡನ್ನು ಹೀರಿ, ಮೇಲ್ಮೈಯಲ್ಲಿ ಕ್ರಮೇಣ ಸತುವಿನ ಕಾರ್ಬೊನೇಟ್ ಪದರ ಕಟ್ಟಿಕೊಳ್ಳುತ್ತದೆ.

ಪಾಲಿಮರಿನ ಆಯ್ಕೆಗೆ ಬಂದರೆ, ಅದು ಸತುವನ್ನು ಹಿಡಿಯುವ ಗುಂಪು ಯಾವುದು ಎಂಬುದನ್ನೇ ಮೊದಲು ಕೇಳಬೇಕು. ಪಾಲಿವಿನೈಲ್ ಪಿರೊಲಿಡೋನ್ ಅಗ್ಗ, ಎಥನಾಲಿನಲ್ಲಿಯೂ ನೀರಿನಲ್ಲಿಯೂ ಕರಗುತ್ತದೆ, ಅದರ ಕಾರ್ಬೊನೈಲ್ ಗುಂಪು ಸತುವಿನ ಅಯಾನನ್ನು ಮೆಲ್ಲಗೆ ಹಿಡಿಯುತ್ತದೆ. ಅದನ್ನು ಕ್ಷಾರ ಹಾಕುವ ಮೊದಲೇ ಸೇರಿಸಿದರೆ ಕಣಗಳು ಚಿಕ್ಕದಾಗಿಯೇ ನಿಲ್ಲುತ್ತವೆ. ಪ್ರಮಾಣವನ್ನು ತೂಕದಿಂದ ಲೆಕ್ಕ ಹಾಕದೆ, ಸರಪಳಿಯ ಒಂದು ಘಟಕಕ್ಕೆ 111 ಗ್ರಾಂ ಎಂದು ಹಿಡಿದು ಸತುವಿನ ಮೋಲ್‌ಗಳಿಗೆ ಹೋಲಿಸಬೇಕು; ಮೇಲಿನ ತಯಾರಿಕೆಯಲ್ಲಿ ಸಮಸಮ ಅನುಪಾತಕ್ಕೆ ಸುಮಾರು 1.1 ಗ್ರಾಂ ಬೇಕಾಗುತ್ತದೆ. ಎಥನಾಲಿನಲ್ಲಿ ಇದು ಒಳ್ಳೆಯ ಕಾವಲುಗಾರ. ನೀರಿನಲ್ಲಿ ಮಾತ್ರ ಇದರ ಹಿಡಿತ ಸಡಿಲವಾದ್ದರಿಂದ ನೀವು ಬಯಸುವ ದೀರ್ಘ ಬಾಳಿಕೆಯನ್ನು ಇದೊಂದರಿಂದಲೇ ನಿರೀಕ್ಷಿಸುವುದು ಸರಿಯಲ್ಲ.

ಹಾಗಾದರೆ ಇನ್ನೂ ಬಿಗಿಯಾಗಿ ಹಿಡಿಯುವ ಪಾಲಿಅಕ್ರಿಲಿಕ್ ಆಮ್ಲವನ್ನು ಬಳಸೋಣವೆಂದು ತೋರುವುದು ಸಹಜ. ಆದರೆ ಅದರ ಪ್ರತಿ ಘಟಕದಲ್ಲೂ ಕಾರ್ಬಾಕ್ಸಿಲ್ ಗುಂಪಿರುವುದರಿಂದ ಜಿಂಕ್ ಅಸಿಟೇಟಿಗೆ ಸೇರಿಸಿದೊಡನೆ ಸರಪಳಿಗಳು ಸತುವಿನ ಮೂಲಕ ಹೆಣೆದುಕೊಂಡು ಬಿಳಿ ಗಂಟಾಗುತ್ತವೆ, ಆಕ್ಸೈಡ್ ಹುಟ್ಟುವುದಕ್ಕೆ ಸತುವೇ ಉಳಿಯುವುದಿಲ್ಲ. ಬೇಕಾದದ್ದು ಎರಡು ಗುಣಗಳ ಸರಪಳಿ: ಒಂದು ಭಾಗ ಕಣವನ್ನು ಹಲವು ಕಡೆ ಹಿಡಿಯಬೇಕು, ಇನ್ನೊಂದು ಭಾಗ ನೀರಿನಲ್ಲಿ ಚಾಚಿಕೊಂಡು ಕಣಗಳನ್ನು ದೂರ ಇಡಬೇಕು. ಶಾಂಘೈನ ಫುಡಾನ್ ವಿಶ್ವವಿದ್ಯಾಲಯದ ತಂಡವೊಂದು 2007ರಲ್ಲಿ ಪ್ರಕಟಿಸಿದ ಕೆಲಸ ಈ ತತ್ವದ್ದೇ. ಅಲ್ಲಿ ಮೆಥಾಕ್ರಿಲೇಟಿನ ಒಳಪದರ ಕಣವನ್ನು ಹಿಡಿದು ನೀರನ್ನು ಹೊರಗಿಡುತ್ತದೆ, ಪಾಲಿಎಥಿಲೀನ್ ಗ್ಲೈಕಾಲಿನ ಹೊರಪದರ ನೀರಿನೊಂದಿಗೆ ಬೆರೆಯುತ್ತದೆ, ಮತ್ತು ಹಾಗೆ ಸಿಕ್ಕ ಕಣಗಳು ಜೀವಕೋಶಗಳ ಚಿತ್ರಣಕ್ಕೂ ಒದಗಿದವು. ಇಲ್ಲಿ ಪಾಲಿಮರನ್ನು ಸಿದ್ಧವಾಗಿ ತಂದು ಹಾಕುವುದಿಲ್ಲ, ಕಣದ ಮೇಲೆಯೇ ಮಾನೋಮರುಗಳನ್ನು (ಬಿಡಿ ಘಟಕಗಳನ್ನು) ಸರಪಳಿಯಾಗಿ ಬೆಳೆಸುತ್ತಾರೆ. ಅದಕ್ಕೆ ಮಾನೋಮರಿನಲ್ಲಿರುವ ಪ್ರತಿಬಂಧಕವನ್ನು ತೆಗೆಯಬೇಕು, ನೈಟ್ರೋಜನ್ ಹರಿಸಿ ಆಮ್ಲಜನಕವನ್ನು ಹೊರಗಟ್ಟಬೇಕು, ಬಿಸಿಗೆ ಒಡೆಯುವ ಪ್ರಾರಂಭಕವನ್ನು ಎಚ್ಚರಿಕೆಯಿಂದ ನಿಭಾಯಿಸಬೇಕು. ಸಿಲಿಂಡರ್ ಮತ್ತು ಒಳ್ಳೆಯ ಧೂಮ ಕಪಾಟು ಇಲ್ಲದ ಪ್ರಯೋಗಾಲಯದಲ್ಲಿ ಇದನ್ನು ಮಾಡಬೇಡಿ ಎಂದೇ ಹೇಳುತ್ತೇನೆ. ನಡುವಿನ ದಾರಿಯಾಗಿ ಅಮೈನ್ (ನೈಟ್ರೋಜನ್ ಇರುವ) ಗುಂಪುಗಳುಳ್ಳ ಸಿಲೇನ್ ಎಂಬ ಸಿಲಿಕಾನ್ ಸಂಯುಕ್ತವನ್ನು ಎಥನಾಲಿನಲ್ಲೇ ಕಣಗಳ ಮೇಲೆ ಕೂರಿಸಿ, ಆಮೇಲೆ ನೀರಿಗೆ ವರ್ಗಾಯಿಸಬಹುದು. ಅದು ಸಿಲಿಕಾನ್-ಆಮ್ಲಜನಕದ ಜಾಲವಾದರೂ ಮಾಡುವ ಕೆಲಸ ಪಾಲಿಮರ್ ಹೊದಿಕೆಯದ್ದೇ.

ನಿಮ್ಮ ಉದ್ದೇಶ ವಿದ್ಯಾರ್ಥಿಗಳಿಗೆ ಹೊಳಪನ್ನು ತೋರಿಸಿ ಅಳೆಯಿಸುವುದಷ್ಟೇ ಆಗಿದ್ದರೆ ನೀರಿನ ಹಟವನ್ನೇ ಬಿಟ್ಟು ಪದರವೊಂದನ್ನು ಎರೆಯಿರಿ. ಪಾಲಿವಿನೈಲ್ ಬ್ಯೂಟಿರಾಲ್ ಎಥನಾಲಿನಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಕಾರಿನ ಮುಂದಿನ ಗಾಜಿನ ಎರಡು ಪದರಗಳ ನಡುವೆ ಇರುವುದು ಇದೇ. ತೊಳೆದ ಕಣಗಳ ಎಥನಾಲ್ ದ್ರಾವಣಕ್ಕೆ ಇದನ್ನು ಕರಗಿಸಿ ಗಾಜಿನ ಪಟ್ಟಿಯ ಮೇಲೆ ಎರೆದು ಒಣಗಿಸಿದರೆ, ಕಣಗಳು ಬೆಳಕಿನ ತರಂಗಾಂತರಕ್ಕಿಂತ ಬಹಳ ಚಿಕ್ಕವಾಗಿರುವುದರಿಂದ, ಪಾರದರ್ಶಕವಾದ ಮತ್ತು ದೀಪದಡಿ ಹೊಳೆಯುವ ಪದರ ಸಿಗುತ್ತದೆ. ಪಾಲಿವಿನೈಲ್ ಪಿರೊಲಿಡೋನಿನಿಂದಲೂ ಹೀಗೆ ಎರೆಯಬಹುದಾದರೂ ಜೂನ್ ತಿಂಗಳಲ್ಲಿ ಕರಾವಳಿಯ ಗಾಳಿಗೆ ಅದು ಅಂಟಂಟಾಗುತ್ತದೆ.

ಕೈಟೋಸಾನ್ ಬಗ್ಗೆ ಕೇಳಿದ್ದೀರಿ. ವಸ್ತು ಒಳ್ಳೆಯದೇ, ಅದರ ಅಮೈನ್ ಮತ್ತು ಹೈಡ್ರಾಕ್ಸಿಲ್ ಗುಂಪುಗಳು ಸತುವನ್ನು ಚೆನ್ನಾಗಿ ಹಿಡಿಯುತ್ತವೆ. ಅಡ್ಡಿ ಪಿಎಚ್‌ನದ್ದು. ಕೈಟೋಸಾನ್ ಕರಗಬೇಕಾದರೆ ಪಿಎಚ್ ಸುಮಾರು 6.5ಕ್ಕಿಂತ ಕೆಳಗಿರಬೇಕು, ಸಾಮಾನ್ಯವಾಗಿ ಅದನ್ನು ತೆಳು ಅಸಿಟಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಜಿಂಕ್ ಆಕ್ಸೈಡಾದರೋ ಆಮ್ಲದಲ್ಲಿಯೂ ಕರಗುತ್ತದೆ, ಬಲವಾದ ಕ್ಷಾರದಲ್ಲಿಯೂ ಕರಗುತ್ತದೆ. ಹೀಗಾಗಿ ಸಿದ್ಧ ಕಣಗಳನ್ನು ಆಮ್ಲದಲ್ಲಿರುವ ಕೈಟೋಸಾನಿಗೆ ಹಾಕಿದರೆ ಕಣಗಳು ಕರಗಿ ಜಿಂಕ್ ಅಸಿಟೇಟ್ ಮರಳಿ ಬರುತ್ತದೆ, ಅಂದರೆ ಹೊರಟಲ್ಲಿಗೇ ಬಂದು ನಿಂತಂತೆ. ತಿರುಗುಮುರುಗಾಗಿ, ಆಮ್ಲದಲ್ಲಿ ಕೈಟೋಸಾನ್ ಮತ್ತು ಸತುವಿನ ಲವಣ ಎರಡನ್ನೂ ಕರಗಿಸಿ ಆಮೇಲೆ ಕ್ಷಾರ ಸೇರಿಸಿದರೆ ಆಕ್ಸೈಡಿನ ಜೊತೆ ಕೈಟೋಸಾನೂ ಒಟ್ಟಿಗೆ ಹೊರಬಿದ್ದು ಮಿಶ್ರ ಗಟ್ಟಿ ಸಿಗುತ್ತದೆ. ಅದು ನೀರು ಶುದ್ಧೀಕರಣ, ಬ್ಯಾಕ್ಟೀರಿಯಾ ತಡೆಯಂಥ ಕೆಲಸಕ್ಕೆ ಒದಗಬಹುದು, ತಿಳಿಯಾದ ಹೊಳೆಯುವ ದ್ರಾವಣವಾಗದು. ಈ ದಾರಿಯನ್ನೇ ಹಿಡಿಯುವುದಾದರೆ ತಟಸ್ಥ ಮತ್ತು ಕ್ಷಾರೀಯ ನೀರಿನಲ್ಲಿ ಕರಗುವ ಕಾರ್ಬಾಕ್ಸಿಮೀಥೈಲ್ ಕೈಟೋಸಾನನ್ನು ಕೊಂಡು ತನ್ನಿ. ಸಿಗಡಿ ಸಿಪ್ಪೆಯಿಂದ ನೀವೇ ತೆಗೆಯುವುದಾದರೆ, ಆಮ್ಲದಲ್ಲಿ ಸುಣ್ಣದಂಶ ಕಳೆದು, ತೆಳು ಕ್ಷಾರದಲ್ಲಿ ಪ್ರೋಟೀನ್ ಕಳೆದು, ಸುಮಾರು ಅರ್ಧ ತೂಕದಷ್ಟು ಸೋಡಿಯಂ ಹೈಡ್ರಾಕ್ಸೈಡ್ ಇರುವ ಬಿಸಿ ದ್ರಾವಣದಲ್ಲಿ ಅಸಿಟೈಲ್ ಗುಂಪನ್ನು ತೆಗೆಯಬೇಕೆಂಬುದು ನಿಮಗೆ ತಿಳಿದದ್ದೇ. ಆ ಎರಡನೆಯ ಹಂತ ಅರೆಬರೆಯಾದರೆ ಉಳಿದ ಪ್ರೋಟೀನಿನಲ್ಲಿರುವ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ 280 ನ್ಯಾನೋಮೀಟರ್ ಬೆಳಕು ಹೀರಿ 350ರ ಸುಮಾರಿಗೆ ತಾನೇ ಹೊಳೆಯುತ್ತದೆ.

ಮುರುಗಲು ರಸದ ವಿಷಯದಲ್ಲಿ ನಿಮ್ಮ ಸಹೋದ್ಯೋಗಿಯ ಮಾತಿಗೆ ರಾಸಾಯನಿಕ ಆಧಾರವಿಲ್ಲದಿಲ್ಲ. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಸಿಟ್ರಿಕ್ ಆಮ್ಲದಂತೆಯೇ ಲೋಹದ ಅಯಾನುಗಳನ್ನು ಹಿಡಿಯಬಲ್ಲದು. ಆದರೆ ಅದೇ ರಸದಲ್ಲಿ ಕೆಂಪು ಆಂಥೊಸಯನಿನ್, ಗಾರ್ಸಿನಾಲ್, ಸಕ್ಕರೆಗಳೆಲ್ಲ ಬರುತ್ತವೆ. ಇವು ಬೆಳಕು ಹೀರುತ್ತವೆ, ಬಿಸಿ ಮಾಡಿದಾಗ ಇಂಗಾಲದ ಹೊಳೆಯುವ ಕಣಗಳಾಗಿಯೂ ಮಾರ್ಪಡಬಹುದು. ಸಸ್ಯರಸದಿಂದ ಮಾಡಿದ ಹೊಳೆಯುವ ಆಕ್ಸೈಡುಗಳೆಂದು ಬರುವ ವರದಿಗಳಲ್ಲಿ ಹೊಳೆದದ್ದು ಆಕ್ಸೈಡೋ ರಸವೋ ಎಂಬುದನ್ನು ಪ್ರತ್ಯೇಕಿಸದವು ಹೇರಳವಾಗಿವೆ ಎಂಬುದು ನನ್ನ ಅಭಿಪ್ರಾಯ. ಹೊಳಪನ್ನು ಅಳೆಯುವ ಯೋಜನೆಗೆ ಅಂಗಡಿಯ ಶುದ್ಧ ಸಿಟ್ರಿಕ್ ಆಮ್ಲವೇ ಲೇಸು.

ಸಿಟ್ರಿಕ್ ಆಮ್ಲದ ಮಾತು ಬಂದದ್ದರಿಂದ ಪಾಲಿಮರಿನ ಇನ್ನೊಂದು ಬಗೆಯ ಬಳಕೆಯನ್ನೂ ಹೇಳಬೇಕು, ಏಕೆಂದರೆ ಅದು ನಿಮ್ಮ ಪ್ರಯೋಗಾಲಯಕ್ಕೆ ಹೆಚ್ಚು ಒಗ್ಗಬಹುದು. ಅಮೆರಿಕದಲ್ಲಿ 1967ರಲ್ಲಿ ಪೇಟೆಂಟ್ ಪಡೆದ ಪೆಕಿನಿ ವಿಧಾನದಲ್ಲಿ ಲೋಹದ ಅಯಾನುಗಳನ್ನು ಸಿಟ್ರಿಕ್ ಆಮ್ಲದಿಂದ ಹಿಡಿಸಿ, ಎಥಿಲೀನ್ ಗ್ಲೈಕಾಲ್ ಸೇರಿಸಿ ಕಾಯಿಸುತ್ತಾರೆ. ಆಮ್ಲವೂ ಗ್ಲೈಕಾಲೂ ಕೂಡಿ ಪಾಲಿಎಸ್ಟರಿನ ಗಟ್ಟಿ ಅಂಟಾಗುತ್ತವೆ, ಅಯಾನುಗಳು ಅದರೊಳಗೆ ಸಮನಾಗಿ ಹಂಚಿಹೋಗಿ ಸಿಕ್ಕಿಬೀಳುತ್ತವೆ. ಆಮೇಲೆ ಕುಲುಮೆಯಲ್ಲಿಟ್ಟು ಪಾಲಿಮರನ್ನೇ ಸುಟ್ಟುಬಿಟ್ಟರೆ ಉಳಿಯುವುದು ಆಕ್ಸೈಡ್ ಮಾತ್ರ. ಇಟ್ರಿಯಂ ಆಕ್ಸೈಡಿಗೆ ಶೇಕಡಾ ಐದರಷ್ಟು ಯೂರೋಪಿಯಂ ಬೆರೆಸಿ ಹೀಗೆ ಮಾಡಿದರೆ 611 ನ್ಯಾನೋಮೀಟರ್‌ನ ಅಚ್ಚ ಕೆಂಪು ಸಿಗುತ್ತದೆ. ಹಳೆಯ ಸಿಎಫ್‌ಎಲ್ ದೀಪಗಳ ಕೆಂಪು ಭಾಗ ಇದೇ ವಸ್ತುವಿನದು. ಯೂರೋಪಿಯಂನ ಬೆಳಕು ಅಯಾನಿನ ಒಳಕವಚದ ಇಲೆಕ್ಟ್ರಾನುಗಳಿಂದ ಬರುವುದರಿಂದ ಕಣದ ಗಾತ್ರ ಬದಲಾದರೂ ಬಣ್ಣ ಕದಲುವುದಿಲ್ಲ. ಎರಡು ಎಚ್ಚರಿಕೆಗಳಿವೆ. ನೈಟ್ರೇಟ್ ಲವಣಗಳಿಂದ ಹೊರಟರೆ ಕಾಯಿಸುವಾಗ ಕಂದು ಬಣ್ಣದ ವಿಷಾನಿಲ ಏಳುತ್ತದೆ, ಮತ್ತು ಸುಡುವಿಕೆ ಪೂರ್ತಿಯಾಗದಿದ್ದರೆ ಪುಡಿ ಬೂದು ಬಣ್ಣಕ್ಕೆ ತಿರುಗಿ ಉಳಿದ ಇಂಗಾಲ ಬೆಳಕನ್ನೆಲ್ಲ ನುಂಗುತ್ತದೆ. 600ರಿಂದ 800 ಡಿಗ್ರಿಯಲ್ಲಿ, ಗಾಳಿಯಾಡುವಂತೆ, ಪುಡಿ ಪೂರ್ಣ ಬಿಳಿಯಾಗುವವರೆಗೆ ಇಡಿ. ಇದರ ದಾಯಾದಿಯೆನ್ನಬಹುದಾದ ದಹನ ವಿಧಾನವನ್ನು, ಅಂದರೆ ಯೂರಿಯಾದಂಥ ಇಂಧನದೊಡನೆ ಲೋಹದ ನೈಟ್ರೇಟನ್ನು ಧಗ್ಗನೆ ಉರಿಸಿ ಆಕ್ಸೈಡ್ ಪಡೆಯುವ ದಾರಿಯನ್ನು, 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಸಿ. ಪಾಟೀಲರು ಬೆಳೆಸಿದರು.

ಇನ್ನು ಹೊಳಪಿನ ಮೂಲವನ್ನು ಪರೀಕ್ಷಿಸುವ ಬಗೆ. ಇದಕ್ಕೆ ದೊಡ್ಡ ಉಪಕರಣ ಬೇಕಿಲ್ಲ. ಮೊದಲನೆಯದಾಗಿ ಸತುವಿನ ಲವಣವನ್ನು ಮಾತ್ರ ಬಿಟ್ಟು, ಉಳಿದೆಲ್ಲವನ್ನೂ ಅದೇ ಪ್ರಮಾಣದಲ್ಲಿ, ಅದೇ ಉಷ್ಣತೆಯಲ್ಲಿ, ಅಷ್ಟೇ ಹೊತ್ತು ಇಟ್ಟ ಖಾಲಿ ಮಾದರಿಯೊಂದನ್ನು ತಯಾರಿಸಿ. ಅಮೈನ್ ತುಂಬಿರುವ ಪಾಲಿಎಥಿಲೀನ್‌ಇಮೈನ್ ಗಾಳಿಯಲ್ಲಿ ಹಳೆಯದಾದಂತೆ ತಾನೇ ನೀಲಿಯಾಗಿ ಹೊಳೆಯತೊಡಗುತ್ತದೆ, ಸಿಟ್ರಿಕ್ ಆಮ್ಲವನ್ನು ಅಮೈನ್‌ಗಳೊಡನೆ ಕಾಯಿಸಿದರೆ ಪ್ರಖರವಾಗಿ ಹೊಳೆಯುವ ಇಂಗಾಲದ ಚುಕ್ಕೆಗಳೇ, ಅಂದರೆ ಇಂಗಾಲದ ನ್ಯಾನೋಕಣಗಳೇ, ಹುಟ್ಟುತ್ತವೆ. ಎರಡನೆಯದಾಗಿ ನೋಟು ಪರೀಕ್ಷಿಸುವ ಅಗ್ಗದ ಟಾರ್ಚನ್ನು ಬಳಸಿ. ಅಂಥ ಹಲವು ಟಾರ್ಚುಗಳ ಬೆಳಕು 395 ನ್ಯಾನೋಮೀಟರ್‌ನದು, ಮತ್ತು ಎಷ್ಟೇ ದೊಡ್ಡ ಜಿಂಕ್ ಆಕ್ಸೈಡ್ ಕಣವೂ ಅದನ್ನು ಬಹುಮಟ್ಟಿಗೆ ಹೀರುವುದಿಲ್ಲ. ಆ ಟಾರ್ಚಿಗೆ ನಿಮ್ಮ ಮಾದರಿ ಜೋರಾಗಿ ಹೊಳೆದರೆ ಆಕ್ಸೈಡಿನ ಮೇಲಲ್ಲ, ಪಾಲಿಮರಿನ ಮೇಲೆ ಅನುಮಾನಪಡಿ. ಇದೇ ಕಾರಣಕ್ಕೆ 3 ನ್ಯಾನೋಮೀಟರ್‌ನ ಕಣಗಳು 365ರ ದೀಪಕ್ಕೂ ಮಂದವಾಗಿ ಕಾಣಬಹುದು; ಅದು ಅವುಗಳ ದೋಷವಲ್ಲ. ಮೂರನೆಯದು ಆಮ್ಲದ ಪರೀಕ್ಷೆ: ಸ್ವಲ್ಪ ಮಾದರಿಗೆ ಕೆಲವು ಹನಿ ತೆಳು ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಜಿಂಕ್ ಆಕ್ಸೈಡ್ ಕರಗಿಹೋಗುತ್ತದೆ, ಅದರ ಹೊಳಪೂ ಹೋಗಬೇಕು. ಹೋಗದೆ ಉಳಿದದ್ದು ಆಕ್ಸೈಡಿನದಲ್ಲ. ಅಮೈನ್ ಪಾಲಿಮರುಗಳ ಹೊಳಪೂ ಪಿಎಚ್ ಜೊತೆ ಬದಲಾಗುವುದರಿಂದ ಈ ಪರೀಕ್ಷೆಯನ್ನು ಖಾಲಿ ಮಾದರಿಯ ಮೇಲೂ ಮಾಡಲೇಬೇಕು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಂಥಲ್ಲಿ ಪ್ರತಿದೀಪ್ತಿಯ, ಅಂದರೆ ಬೆಳಕು ಹೀರಿ ಮರಳಿ ಹೊರಸೂಸುವ ಹೊಳಪಿನ, ರೋಹಿತ ತೆಗೆಸುವ ಅವಕಾಶ ದೊರೆತರೆ ಕೆಲವು ಮಾತು ನೆನಪಿರಲಿ. ಪ್ರಚೋದಕ ತರಂಗಾಂತರವನ್ನು 320ರಿಂದ 400ರವರೆಗೆ ಹಂತಹಂತವಾಗಿ ಬದಲಿಸಲು ಕೇಳಿ. ಹೊರಸೂಸುವ ಶಿಖರವೂ ಜೊತೆಗೇ ಸರಿಯುತ್ತ ಹೋದರೆ ಅದು ಇಂಗಾಲದ ಚುಕ್ಕೆಗಳ ಲಕ್ಷಣ, ಜಿಂಕ್ ಆಕ್ಸೈಡಿನ ಪಟ್ಟಿ ಬಹುಪಾಲು ಇದ್ದಲ್ಲೇ ಇರುತ್ತದೆ. ನೀರಿನಲ್ಲಿ 350ರಿಂದ ಪ್ರಚೋದಿಸಿದಾಗ 397ರ ಬಳಿ ಕಾಣುವ ಕಿರಿದಾದ ಶಿಖರ ನೀರಿನ ರಾಮನ್ ಚದುರಿಕೆ (ನೀರಿನ ಅಣುಗಳು ಚದುರಿಸುವಾಗ ತರಂಗಾಂತರ ಬದಲಾದ ಬೆಳಕು), 700ರ ಬಳಿ ಕಾಣುವುದು ಉಪಕರಣದಲ್ಲಿ ಬಂದ ಪ್ರಚೋದಕ ಬೆಳಕಿನ ಎರಡನೆಯ ಕ್ರಮಾಂಕ, ಅಂದರೆ ಎರಡರಷ್ಟು ತರಂಗಾಂತರದಲ್ಲಿ ಕಾಣುವ ಅದರ ನೆರಳು. ಎರಡನ್ನೂ ಹೊಸ ಶೋಧವೆಂದು ವರದಿಯಲ್ಲಿ ಬರೆಯಬಾರದು. ಹೀರಿದ ಬೆಳಕಿನಲ್ಲಿ ಎಷ್ಟು ಪಾಲು ಹೊಳಪಾಗಿ ಬರುತ್ತದೆಂಬ ದಕ್ಷತೆಯನ್ನು, ದಕ್ಷತೆ ಮೊದಲೇ ಗೊತ್ತಿರುವ ಕ್ವಿನೈನ್ ಸಲ್ಫೇಟಿಗೆ ಹೋಲಿಸಿ ಅಳೆಯುವುದಾದರೆ ಎರಡೂ ದ್ರಾವಣಗಳ ಹೀರಿಕೆ 0.1ಕ್ಕಿಂತ ಕೆಳಗಿರಲಿ. ಕ್ಲೋರೈಡ್ ಅಯಾನು ಕ್ವಿನೈನಿನ ಹೊಳಪನ್ನು ನಂದಿಸುವುದರಿಂದ ಅದನ್ನು ಸಲ್ಫ್ಯೂರಿಕ್ ಆಮ್ಲದಲ್ಲೇ ಕರಗಿಸಿ. ಉಪ್ಪಿನಂಶವಿರುವ ಬಾವಿನೀರು ಅಲ್ಲಿ ಸಲ್ಲದು. ಅರಬೈಲ್ ಘಟ್ಟ ಹತ್ತಿ ಧಾರವಾಡ ತಲುಪುವಷ್ಟರಲ್ಲಿ ಕೋಣೆಯ ಉಷ್ಣತೆಯಲ್ಲಿರುವ ಎಥನಾಲ್ ದ್ರಾವಣದ ಕಣಗಳು ಬೆಳೆದಿರುತ್ತವೆ. ಮಾದರಿಯನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ನಡುವೆ ಒಯ್ಯಿರಿ, ಮತ್ತು ಹೊರಡುವ ಮೊದಲು ಹಾಗೂ ತಲುಪಿದ ಮೇಲೆ ಹೀರಿಕೆಯ ಅಂಚನ್ನು ಅಳೆದು ಎರಡನ್ನೂ ಬರೆದಿಡಿ.

ಉಳಿದ ದ್ರಾವಣಗಳನ್ನು ಸಿಂಕಿಗೆ ಸುರಿಯಬೇಡಿ. ಸತುವಿನ ಅಯಾನು ಮತ್ತು ಜಿಂಕ್ ಆಕ್ಸೈಡ್ ಕಣಗಳೆರಡೂ ನೀರಿನ ಪಾಚಿಗಳಿಗೂ ಸಣ್ಣ ಕವಚಜೀವಿಗಳಿಗೂ ವಿಷ, ಮತ್ತು ನಿಮ್ಮ ಊರಿನ ಚರಂಡಿಗಳು ಕೊನೆಗೆ ಸೇರುವುದು ಕಾಳಿ ನದಿಯ ಅಳಿವೆಯನ್ನೋ ಕಡಲನ್ನೋ. ಎಥನಾಲ್ ಮತ್ತು ಹೆಕ್ಸೇನ್ ಇರುವ ತ್ಯಾಜ್ಯವನ್ನು ಬೆಂಕಿಯಿಂದ ದೂರ, ಬೇರೆ ಕ್ಯಾನಿನಲ್ಲಿ ಶೇಖರಿಸಿ. ನೀರಿನ ತ್ಯಾಜ್ಯವನ್ನು ಇನ್ನೊಂದರಲ್ಲಿ ಕೂಡಿಟ್ಟು ಸೋಡಿಯಂ ಕಾರ್ಬೊನೇಟ್ ಹಾಕಿ ಸತುವನ್ನು ತಳಕ್ಕಿಳಿಸಿದ ಮೇಲೆ, ಆ ಗಸಿಯನ್ನು ಒಣಗಿಸಿ ರಾಸಾಯನಿಕ ತ್ಯಾಜ್ಯದೊಡನೆ ಕಳುಹಿಸಿ.